ಸಣ್ಣ ಬೋರ್ಡಿನ ಜಾವಾಸ್ಕ್ರಿಪ್ಟ್‌ನಲ್ಲಿ ನಮ್ಮದೇ ಅರೇ: ಯಾರಿಗೆ ಯಾವ ದಾರಿ?

ಶಿರಸಿ ಕಡೆ ಅಡಿಕೆ ತೋಟಕ್ಕೆ ಮಳೆಮಾಪಕ ಮಾಡುವವರಿದ್ದಾರೆ. ಕುಮಟಾದಲ್ಲಿ ಸಿಗಡಿ ಕೆರೆಯ ನೀರಿನ ಉಪ್ಪು ಅಳೆಯುವವರಿದ್ದಾರೆ. ಕಾರವಾರದಲ್ಲಿ ಕೂತು ಇಂಥ ಅಳತೆಗಳನ್ನೆಲ್ಲ ಒಂದೆಡೆ ಸೇರಿಸುವವರೂ ಇದ್ದಾರೆ. ಈ ಮೂರೂ ಬಗೆಯ ಗೆಳೆಯರು ಕೇಳುವ ಪ್ರಶ್ನೆ ಮಾತ್ರ ಒಂದೇ. ಬೋರ್ಡನ್ನು ನಡೆಸುವ ಫರ್ಮ್‌ವೇರ್ ಸಿ ಭಾಷೆಯಲ್ಲಿದೆ. ಲೆಕ್ಕಾಚಾರವನ್ನು ಆಗಾಗ ಬದಲಿಸಬೇಕು ಅಂತ ಅದರೊಳಗೆ ಒಂದು ಜಾವಾಸ್ಕ್ರಿಪ್ಟ್ ಎಂಜಿನ್ ಕೂರಿಸಿದ್ದಾರೆ. ಅಳತೆಗಳ ಪಟ್ಟಿ ಸ್ಕ್ರಿಪ್ಟ್ ಬರೆಯುವವನಿಗೆ ಅರೇ ತರ, ಅಂದರೆ ಸೊನ್ನೆಯಿಂದ ಅಂಕಿ ಹಾಕಿದ ಸಾಲಿನ ತರ ಕಾಣಬೇಕು. ಅರೇಗೆ ಇರುವ ಮ್ಯಾಪ್, ಫಿಲ್ಟರ್ ತರದ ಮೆಥಡ್ (ಆಬ್ಜೆಕ್ಟ್ ಮೇಲೆ ಕರೆಯುವ ಫಂಕ್ಷನ್) ಎಲ್ಲ ಓಡಬೇಕು. ಜೊತೆಗೆ ತಮ್ಮದೇ ಒಂದೆರಡು ಮೆಥಡ್ ಕೂಡ ಇರಬೇಕು. ಇದನ್ನು ಮಾಡಲು ನಾಲ್ಕಾರು ದಾರಿ ಇವೆ. ಯಾವುದನ್ನು ಹಿಡಿಯೋದು?

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. ಅದರ ಹೆಸರು ಮಳೆಪಟ್ಟಿ. ಬಟ್ಟಲು ಮಗುಚುವ ಮಾದರಿಯ ಮಳೆಮಾಪಕ, ಒಂದು ಮಗುಚಿಗೆ 0.2 ಮಿಲಿಮೀಟರ್ ಮಳೆ. ಹತ್ತು ನಿಮಿಷಕ್ಕೊಮ್ಮೆ ಎಷ್ಟು ಸಲ ಮಗುಚಿತು ಅಂತ ಬರೆದಿಡುತ್ತದೆ. ದಿನಕ್ಕೆ 144 ಅಳತೆ, ವಾರಕ್ಕೆ 1008. ಈ ಪಟ್ಟಿಗೆ ಎರಡು ಮೆಥಡ್ ಬೇಕು. ಒಂದು 'ಒಟ್ಟು', ಇನ್ನೊಂದು 'ಬಿಡುವು'. ಒಟ್ಟು ಎಂದರೆ ಗೊತ್ತಾಯಿತು. ಬಿಡುವು ಎಂದರೆ ಮಳೆ ಸತತವಾಗಿ ಎಷ್ಟು ಹೊತ್ತು ನಿಂತಿತ್ತು ಅನ್ನುವ ಲೆಕ್ಕ. ತೋಟದವರಿಗೆ ಅಸಲಿಗೆ ಬೇಕಾದದ್ದು ಇದೇ. ಕೊಳೆ ರೋಗಕ್ಕೆ ಔಷಧ ಹೊಡೆಸಬೇಕಾದರೆ ಮರ ಒಣಗಿರಬೇಕು, ಮರ ಹತ್ತುವ ಕೊನೆಗೌಡನಿಗೆ ಬಾ ಅನ್ನುವ ಮೊದಲು ಬಿಡುವು ಸಿಕ್ಕಿದೆಯೇ ಅಂತ ನೋಡಬೇಕು. (ಮೆಥಡ್ ಹೆಸರು ಕನ್ನಡ ಲಿಪಿಯಲ್ಲೇ ಇಡಬಹುದು, ಭಾಷೆಯ ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ. ಟೈಪ್ ಮಾಡುವ ತಾಳ್ಮೆ ನಿಮ್ಮದು.)

ತೊಡಕು ಎಲ್ಲಿದೆ?

ಪ್ರೊಟೊಟೈಪ್ ಅಂದರೆ ಒಂದು ಆಬ್ಜೆಕ್ಟ್ ತನ್ನಲ್ಲಿಲ್ಲದ್ದನ್ನು ಎರವಲು ಪಡೆಯುವ ಇನ್ನೊಂದು ಆಬ್ಜೆಕ್ಟ್. ಅದನ್ನು ಅರೇಯದ್ದೇ ಇಟ್ಟರೆ ಆಬ್ಜೆಕ್ಟ್ ಅರೇ ಆಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಪ್ರೊಟೊಟೈಪ್‌ನಿಂದ ಬರುವುದು ಮೆಥಡ್‌ಗಳು ಮಾತ್ರ. ಇಂಡೆಕ್ಸ್ 5ಕ್ಕೆ ಏನಾದರೂ ಬರೆದರೆ ಲೆಂಗ್ತ್ (ಪಟ್ಟಿಯ ಉದ್ದ) ತಾನಾಗಿ ಆರಕ್ಕೆ ಏರುವುದು, ಲೆಂಗ್ತ್ ಇಳಿಸಿದರೆ ಹಿಂದಿನವು ಅಳಿಸಿಹೋಗುವುದು, ಇದೆಲ್ಲ ಎಂಜಿನ್ ಆ ಆಬ್ಜೆಕ್ಟನ್ನು ಹುಟ್ಟಿಸುವಾಗಲೇ ಅದರೊಳಗೆ ಇಟ್ಟ ಗುಣ. ಅಪ್ಪನ ಹೆಸರು ಮಗನಿಗೆ ಬಂತು, ಕೈಗುಣ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದ ಆಯ್ಕೆ ಸುಲಭ.

ಅರೇಯ ಮೆಥಡ್‌ಗಳಲ್ಲಿ ಹೆಚ್ಚಿನವನ್ನು ಬೇಕೆಂದೇ ಸಡಿಲವಾಗಿ ಮಾಡಿದ್ದಾರೆ. ಲೆಂಗ್ತ್ ಮತ್ತು ಅಂಕಿಯ ಹೆಸರಿನ ಪ್ರಾಪರ್ಟಿಗಳು ಇದ್ದರೆ ಸಾಕು, ಅವು ಯಾವ ಆಬ್ಜೆಕ್ಟ್ ಮೇಲೂ ಓಡುತ್ತವೆ. ಹಾಗಾಗಿ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ. ಉಳಿದರ್ಧಕ್ಕೆ ನೀವು ಬೆಲೆ ಕೊಡಬೇಕು.

ಮೊದಲು ಇವನ್ನು ನಿಮ್ಮನ್ನೇ ಕೇಳಿಕೊಳ್ಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಡೇಟಾ ಎಲ್ಲಿದೆ? ಎಂಜಿನ್‌ನ ಹೀಪ್‌ನಲ್ಲೋ (ಅದು ತನಗೆ ಬೇಕಾದಂತೆ ಹಂಚಿಕೊಳ್ಳುವ ಮೆಮೊರಿ), ನಿಮ್ಮ ಸಿ ಕೋಡಿನ ಬಫರ್‌ನಲ್ಲೋ, ಹೊರಗಿನ ಫ್ಲ್ಯಾಶ್ ಚಿಪ್‌ನಲ್ಲೋ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆಗಳು ತಾವಾಗಿ ಬಿದ್ದುಹೋಗುತ್ತವೆ.

ಎರಡನೆಯದು, ಬರೆಯುವವರು ಯಾರು? ಸ್ಕ್ರಿಪ್ಟ್ ಬರೇ ಓದುವುದಾದರೆ ಲೆಂಗ್ತ್ ತಾನಾಗಿ ಬದಲಾಗಬೇಕಾದ ಗೋಜೇ ಇಲ್ಲ. ಮಳೆಪಟ್ಟಿಗೆ ಸ್ಕ್ರಿಪ್ಟ್‌ನಿಂದ ಯಾರೂ ಬರೆಯುವುದಿಲ್ಲ, ಮಳೆ ಬರೆಯುತ್ತದೆ.

ಮೂರನೆಯದು ಹೊರಗಿನ ಪರೀಕ್ಷೆಗಳು. ಇದು ಅರೇಯೇ ಅಂತ ಪರೀಕ್ಷಿಸುವ 'ಅರೇ.ಐಸ್‌ಅರೇ' ನಿಜ ಅನ್ನಬೇಕೇ? ಜೇಸನ್ (ಡೇಟಾ ಕಳಿಸಲು ಬಳಸುವ ಪಠ್ಯ ರೂಪ) ಮಾಡಿದಾಗ ಚೌಕ ಆವರಣ ಬರಬೇಕೇ? ಕಾನ್‌ಕ್ಯಾಟ್ ಮಾಡಿ ಬೇರೆ ಪಟ್ಟಿಗೆ ಜೋಡಿಸಿದರೆ ಬಿಡಿಬಿಡಿಯಾಗಿ ಸೇರಬೇಕೇ? ಸರ್ವರ್‌ಗೆ ಜೇಸನ್ ಕಳಿಸುವವರು ಇದನ್ನು ಕಡೆಗಣಿಸಿ ಆಮೇಲೆ ಒದ್ದಾಡುತ್ತಾರೆ.

ಇನ್ನು ಎಂಜಿನ್ ಮತ್ತು ಮೆಮೊರಿ. ಡಕ್‌ಟೇಪ್ ಅನ್ನುವ ಸಣ್ಣ ಎಂಜಿನ್ ಇಎಸ್5 (ಜಾವಾಸ್ಕ್ರಿಪ್ಟ್‌ನ 2015ಕ್ಕಿಂತ ಹಿಂದಿನ ಆವೃತ್ತಿ) ಕಾಲದ ಭಾಷೆಯನ್ನು ಪೂರ್ತಿ ತಿಳಿದಿದೆ, ಅದರ ನಂತರದ್ದು ತುಂಡು ತುಂಡಾಗಿ. ಕ್ಲಾಸ್ ಸಿಂಟ್ಯಾಕ್ಸ್ ಅದರಲ್ಲಿ ಇಲ್ಲ, ಪ್ರಾಕ್ಸಿ (ಆಬ್ಜೆಕ್ಟನ್ನು ಓದುವ, ಬರೆಯುವ ಕೆಲಸವನ್ನು ನಡುವೆ ಹಿಡಿಯುವ ಸೌಲಭ್ಯ) ಕೆಲಮಟ್ಟಿಗೆ ಇದೆ. ಅದರ ಲೆಕ್ಕದಲ್ಲಿ 160 ಕೆಬಿ ಫ್ಲ್ಯಾಶ್, 64 ಕೆಬಿ ರ್‍ಯಾಮ್ ಇದ್ದರೆ ಕೆಲಸ ನಡೆಯುತ್ತದೆ. ಸ್ಯಾಮ್‌ಸಂಗ್ 2015ರಲ್ಲಿ ಬಿಟ್ಟ ಜೆರ್ರಿಸ್ಕ್ರಿಪ್ಟ್ 64 ಕೆಬಿಗಿಂತ ಕಡಿಮೆ ರ್‍ಯಾಮ್‌ನಲ್ಲೂ ಓಡುತ್ತದೆ. ಹೊಸ ಭಾಷೆ ಎಷ್ಟು ಬೇಕು ಅನ್ನುವುದನ್ನು ಬಿಲ್ಡ್ ಮಾಡುವಾಗ ನೀವೇ ಆರಿಸಬೇಕು. ಫ್ಯಾಬ್ರಿಸ್ ಬೆಲ್ಲಾರ್ಡ್ ಮತ್ತು ಚಾರ್ಲಿ ಗಾರ್ಡನ್ 2019ರಲ್ಲಿ ಕೊಟ್ಟ ಕ್ವಿಕ್‌ಜೆಎಸ್‌ನಲ್ಲಿ ಕ್ಲಾಸ್, ಪ್ರಾಕ್ಸಿ ಎಲ್ಲ ಇದೆ, ಆದರೆ ಅದಕ್ಕೆ ಜಾಗ ಬೇಕು. ಇಎಸ್‌ಪಿ32 ಚಿಪ್‌ನ 520 ಕೆಬಿ ಮೆಮೊರಿಯಲ್ಲಿ ವೈಫೈ ತನ್ನ ಪಾಲು ತಿಂದ ಮೇಲೆ ಅದಕ್ಕೆ ಇಕ್ಕಟ್ಟಾಗುತ್ತದೆ. ಕಾರವಾರದವರ ತರ ಲಿನಕ್ಸ್ ಪೆಟ್ಟಿಗೆ ಇದ್ದರೆ ಈ ಪ್ಯಾರಾ ಮರೆತುಬಿಡಿ.

ಎರವಲು ಮೆಥಡ್‌ಗಳ ಸಾದಾ ಆಬ್ಜೆಕ್ಟ್

ಅತಿ ಹಳೆಯ ದಾರಿ. ಒಂದು ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಹುಟ್ಟಿಸುವ ಫಂಕ್ಷನ್) ಬರೆಯಿರಿ. ಅದರ ಪ್ರೊಟೊಟೈಪ್ ಆಗಿ 'ಆಬ್ಜೆಕ್ಟ್.ಕ್ರಿಯೇಟ್'ನಿಂದ ಅರೇ ಪ್ರೊಟೊಟೈಪ್‌ನ ಮೇಲೆ ಕಟ್ಟಿದ ಹೊಸ ಆಬ್ಜೆಕ್ಟ್ ಇಡಿ. ಅದರ ಮೇಲೆ ಒಟ್ಟು, ಬಿಡುವು ಸೇರಿಸಿ. ಇಎಸ್5 ಇದ್ದ ಕಡೆಯೆಲ್ಲ ಇದು ನಡೆಯುತ್ತದೆ. ಪುಶ್, ಪಾಪ್, ರೆಡ್ಯೂಸ್ ಎಲ್ಲ ಓಡುತ್ತವೆ. ಪುಶ್ ಮಾಡಿದರೆ ಲೆಂಗ್ತ್ ಕೂಡ ಏರುತ್ತದೆ, ಏಕೆಂದರೆ ಪುಶ್ ತಾನೇ ಅದನ್ನು ಬರೆಯುತ್ತದೆ. ಇಂಡೆಕ್ಸ್ ಹಾಕಿ ನೇರವಾಗಿ ಬರೆದರೆ ಮಾತ್ರ ಏರುವುದಿಲ್ಲ.

ಇಲ್ಲೊಂದು ಸಣ್ಣ ಮುಳ್ಳಿದೆ. ಅರೇ ಪ್ರೊಟೊಟೈಪ್‌ಗೂ ಸ್ವಂತ ಲೆಂಗ್ತ್ ಇದೆ, ಅದರ ಮೌಲ್ಯ ಸೊನ್ನೆ. ನಿಮ್ಮ ಆಬ್ಜೆಕ್ಟ್‌ಗೆ ಲೆಂಗ್ತ್ ಕೊಡಲು ಮರೆತರೂ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮೊದಲ ಪುಶ್ ಆದಾಗ ಲೆಂಗ್ತ್ ಸಾದಾ ಪ್ರಾಪರ್ಟಿಯಾಗಿ ನಿಮ್ಮ ಆಬ್ಜೆಕ್ಟ್ ಮೇಲೆ ಹುಟ್ಟುತ್ತದೆ, ಎಣಿಕೆಗೂ ಸಿಗುತ್ತದೆ. ಆಮೇಲೆ ಫಾರ್-ಇನ್ ಲೂಪಿನಲ್ಲಿ, ಜೇಸನ್‌ನಲ್ಲಿ, ಎಲ್ಲ ಕಡೆ 'ಲೆಂಗ್ತ್' ಇಣುಕುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲೇ 'ಡಿಫೈನ್‌ಪ್ರಾಪರ್ಟಿ' ಬಳಸಿ, ಬರೆಯಲು ಬರುವ ಆದರೆ ಎಣಿಕೆಗೆ ಸಿಗದ ಲೆಂಗ್ತ್ ಇಟ್ಟುಬಿಡಿ.

ಇಷ್ಟಾದರೂ ಐಸ್‌ಅರೇ ಸುಳ್ಳು ಅನ್ನುತ್ತದೆ. ಜೇಸನ್‌ನಲ್ಲಿ ಸುರುಳಿ ಆವರಣವೇ ಬರುತ್ತದೆ. ಅದಕ್ಕೆ ಮದ್ದು ಇದೆ: ಪ್ರೊಟೊಟೈಪ್ ಮೇಲೆ 'ಟುಜೇಸನ್' ಅನ್ನುವ ಮೆಥಡ್ ಇಟ್ಟು ಅದರಿಂದ ಸ್ಲೈಸ್ ಮಾಡಿದ ನಿಜವಾದ ಅರೇ ಕೊಡಿ. ಮ್ಯಾಪ್, ಫಿಲ್ಟರ್ ಕೊಡುವ ಉತ್ತರ ಯಾವಾಗಲೂ ಸಾದಾ ಅರೇ, ಅದರ ಮೇಲೆ ಬಿಡುವು ಕರೆಯಲು ಬರುವುದಿಲ್ಲ. ಓದುವುದಕ್ಕಷ್ಟೇ ಇರುವ ಸಣ್ಣ ಪಟ್ಟಿಗೆ ಇದು ಸಾಕು. ಇದಕ್ಕಿಂತ ಮುಂದಿನದು ಅಷ್ಟೇ ಸುಲಭ, ಲಾಭ ಜಾಸ್ತಿ.

ನಿಜವಾದ ಅರೇ, ಬದಲಿಸಿದ ಪ್ರೊಟೊಟೈಪ್

ಉಲ್ಟಾ ಹೋಗಿ. ಮೊದಲು ಅಸಲಿ ಅರೇ ಹುಟ್ಟಿಸಿ, ಆಮೇಲೆ ಅದರ ಪ್ರೊಟೊಟೈಪ್ ಬದಲಿಸಿ ನಿಮ್ಮದನ್ನು ಇಡಿ. ನಿಮ್ಮ ಪ್ರೊಟೊಟೈಪ್‌ನ ಮೇಲೆ ಅರೇ ಪ್ರೊಟೊಟೈಪ್ ಇರಲಿ. ಎಂಜಿನ್ ಕೊಟ್ಟ ಗುಣ ಆಬ್ಜೆಕ್ಟ್‌ನೊಳಗೇ ಇರುವುದರಿಂದ ಪ್ರೊಟೊಟೈಪ್ ಬದಲಾದರೂ ಅದು ಹೋಗುವುದಿಲ್ಲ. ಲೆಂಗ್ತ್ ತಾನಾಗಿ ಏರುತ್ತದೆ, ಐಸ್‌ಅರೇ ನಿಜ ಅನ್ನುತ್ತದೆ, ಜೇಸನ್‌ನಲ್ಲಿ ಚೌಕ ಆವರಣ, ಕಾನ್‌ಕ್ಯಾಟ್ ಸರಿ. ಒಟ್ಟು, ಬಿಡುವು ಕೂಡ ಸಿಗುತ್ತವೆ.

ಸ್ಕ್ರಿಪ್ಟ್‌ನಲ್ಲಿ ಇದಕ್ಕೆ 'ಸೆಟ್‌ಪ್ರೊಟೊಟೈಪ್‌ಆಫ್' ಇದೆ. ಸಿ ಕಡೆಯಿಂದ ಇನ್ನೂ ಚೊಕ್ಕಟ. ಡಕ್‌ಟೇಪ್‌ನಲ್ಲಿ ಅರೇಯೊಂದನ್ನು ಸ್ಟ್ಯಾಕ್‌ಗೆ ಪುಶ್ ಮಾಡಿ, ಅದರ ಪ್ರೊಟೊಟೈಪ್ ಸೆಟ್ ಮಾಡಿದರೆ ಮುಗಿಯಿತು. ಕ್ವಿಕ್‌ಜೆಎಸ್, ಜೆರ್ರಿಸ್ಕ್ರಿಪ್ಟ್‌ನಲ್ಲೂ ಇಂಥದೇ ಎರಡು ಕರೆಗಳಿವೆ. ವೆಬ್ ಬ್ರೌಸರ್ ಲೋಕದಲ್ಲಿ ಪ್ರೊಟೊಟೈಪ್ ಬದಲಿಸಬೇಡಿ, ವೇಗ ಬೀಳುತ್ತದೆ ಅಂತ ಹೆದರಿಸುತ್ತಾರೆ. ಅದು ಜಿಟ್ (ಓಡುವಾಗಲೇ ಕೋಡನ್ನು ಯಂತ್ರಭಾಷೆಗೆ ಇಳಿಸುವ ವ್ಯವಸ್ಥೆ) ಇರುವ ದೊಡ್ಡ ಎಂಜಿನ್‌ಗಳ ಚಿಂತೆ. ಈ ಸಣ್ಣ ಇಂಟರ್‌ಪ್ರಿಟರ್‌ಗಳಲ್ಲಿ ಹುಟ್ಟಿದ ಕೂಡಲೇ ಒಮ್ಮೆ ಬದಲಿಸಿದರೆ ಏನೂ ಮುಳುಗುವುದಿಲ್ಲ.

ಬೆಲೆ ಎಲ್ಲಿ ಕೊಡಬೇಕು? ಡೇಟಾ ಪೂರ್ತಿ ಎಂಜಿನ್‌ನ ಹೀಪ್‌ಗೆ ಬರಬೇಕು. 32 ಬಿಟ್ ಬೋರ್ಡ್ ಮೇಲೆ ಡಕ್‌ಟೇಪ್, ಕ್ವಿಕ್‌ಜೆಎಸ್ ಎರಡರಲ್ಲೂ ಒಂದು ಮೌಲ್ಯಕ್ಕೆ 8 ಬೈಟ್ ಹೋಗುತ್ತದೆ. ವಾರದ ಮಳೆಪಟ್ಟಿಗೆ 8064 ಬೈಟ್. 64 ಕೆಬಿ ಬೋರ್ಡ್‌ನಲ್ಲಿ ಇದು ಸಣ್ಣ ತುತ್ತಲ್ಲ, ಅದರಲ್ಲೂ ಇದೇ ಅಳತೆ ಸಿ ಬಫರ್‌ನಲ್ಲೂ ಇದ್ದರೆ ಎರಡೆರಡು ಸಲ ಇಟ್ಟಂತೆ. ಜೆರ್ರಿಸ್ಕ್ರಿಪ್ಟ್‌ನಲ್ಲಿ ಮೌಲ್ಯವೊಂದಕ್ಕೆ 4 ಬೈಟ್ ಮಾತ್ರ, ಆದರೆ ಸಣ್ಣ ಪೂರ್ಣಾಂಕಗಳಷ್ಟೇ ಅದರೊಳಗೆ ಹಿಡಿಯುತ್ತವೆ. ದಶಮಾಂಶ ಬಂದರೆ ಹೀಪ್‌ನಲ್ಲಿ ಬೇರೆ ಜಾಗ ಹಿಡಿಯುತ್ತದೆ. ಹಾಗಾಗಿ ಮಿಲಿಮೀಟರ್ ಇಡಬೇಡಿ, ಮಗುಚಿದ ಎಣಿಕೆ ಇಡಿ. 0.2ರಿಂದ ಗುಣಿಸುವುದನ್ನು 'ಒಟ್ಟು' ಕೊನೆಯಲ್ಲಿ ಒಮ್ಮೆ ಮಾಡಿದರೆ ಆಯಿತು.

ಡೇಟಾ ಕಡಿಮೆ ಇದ್ದವರಿಗೆ, ಅಂದರೆ ಒಂದು ದಿನದ 144 ಅಳತೆ ಸಾಕು ಅನ್ನುವವರಿಗೆ, ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಕ್ಲಾಸ್ ಮಾಡಿ ಅರೇಯನ್ನು ಎಕ್ಸ್‌ಟೆಂಡ್ ಮಾಡುವುದು

2015ರ ನಂತರದ ಭಾಷೆ ತಿಳಿದ ಎಂಜಿನ್ ಇದ್ದರೆ ಮೇಲಿನದ್ದನ್ನೇ ನಾಲ್ಕು ಸಾಲಿನಲ್ಲಿ ಬರೆಯಬಹುದು. ಓದಲು ಚಂದ. ಮ್ಯಾಪ್, ಫಿಲ್ಟರ್, ಸ್ಲೈಸ್ ಕೊಡುವ ಉತ್ತರವೂ ಮಳೆಪಟ್ಟಿಯೇ ಆಗಿರುತ್ತದೆ. ಆಷಾಢದ ದಿನಗಳನ್ನು ಮಾತ್ರ ಸ್ಲೈಸ್ ಮಾಡಿ ಅದರ ಮೇಲೇ ಬಿಡುವು ಕೇಳಬಹುದು.

ಇದೇ ಅನುಕೂಲ ಕಾಲಿಗೂ ತೊಡರುತ್ತದೆ. ಫಿಲ್ಟರ್ ಮಾಡುವಾಗ ಎಂಜಿನ್ ನಿಮ್ಮ ಕನ್‌ಸ್ಟ್ರಕ್ಟರನ್ನು ಕರೆಯುತ್ತದೆ, ಸೊನ್ನೆಯನ್ನು ಕೊಟ್ಟು. ಮ್ಯಾಪ್ ಮಾಡುವಾಗ ಲೆಂಗ್ತ್ ಕೊಟ್ಟು ಕರೆಯುತ್ತದೆ. ನಿಮ್ಮ ಕನ್‌ಸ್ಟ್ರಕ್ಟರ್ ತೋಟದ ಹೆಸರನ್ನು ಕಾಯುತ್ತಾ ಕೂತಿದ್ದರೆ 1008 ಅನ್ನುವ ತೋಟ ಹುಟ್ಟುತ್ತದೆ! ಕನ್‌ಸ್ಟ್ರಕ್ಟರನ್ನು ಮುಟ್ಟದೆ ಬಿಡಿ, ತೋಟದ ಹೆಸರಿಗೆ ಬೇರೆ ಸ್ಟ್ಯಾಟಿಕ್ ಮೆಥಡ್ ಬರೆಯಿರಿ. ಅಥವಾ 'ಸಿಂಬಲ್.ಸ್ಪೀಶೀಸ್' ಮೂಲಕ ಸಾದಾ ಅರೇಯನ್ನೇ ಕೊಡು ಅಂತ ಹೇಳಿ.

ಡಕ್‌ಟೇಪ್ ಬಳಸುವವರು ಇದನ್ನು ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದು ಇಎಸ್5ಕ್ಕೆ ಇಳಿಸುತ್ತಾರೆ. ಅಲ್ಲಿ ಹುಷಾರು. ಇಳಿಸಿದ ಕೋಡಿನಲ್ಲಿ ಸೂಪರ್ ಕರೆ (ಮೂಲ ಅರೇಯ ಕನ್‌ಸ್ಟ್ರಕ್ಟರನ್ನು ಕರೆಯುವುದು) ಹೊಸದೊಂದು ಸಾದಾ ಅರೇಯನ್ನು ವಾಪಸ್ ಕೊಡುತ್ತದೆ, ನಿಮ್ಮ ಮೆಥಡ್‌ಗಳು ಅದರ ಮೇಲೆ ಇರುವುದೇ ಇಲ್ಲ. ಕಂಪೈಲ್ ಸಲೀಸಾಗಿ ಆಗುತ್ತದೆ. ತೋಟದಲ್ಲಿ ಓಡುವಾಗ 'ಬಿಡುವು ಫಂಕ್ಷನ್ ಅಲ್ಲ' ಅಂತ ಎರರ್ ಬರುತ್ತದೆ. ಸೂಪರ್ ಕರೆದ ಮುಂದಿನ ಸಾಲಿನಲ್ಲೇ ಪ್ರೊಟೊಟೈಪ್ ಮತ್ತೆ ಸೆಟ್ ಮಾಡಬೇಕು. ಅಂದ ಮೇಲೆ ನೇರವಾಗಿ ಹಿಂದಿನ ದಾರಿಯನ್ನೇ ಹಿಡಿಯಬಹುದಿತ್ತು, ಅಲ್ವಾ?

ಪ್ರಾಕ್ಸಿ

ಡೇಟಾ ಎಂಜಿನ್‌ನ ಹೊರಗಿದೆ, ಒಳಗೆ ತರಲು ಜಾಗವಿಲ್ಲ, ಆದರೂ ಚೌಕ ಆವರಣದಲ್ಲಿ ಇಂಡೆಕ್ಸ್ ಹಾಕಿ ಓದಬೇಕು ಅನ್ನುವವರ ಕಣ್ಣು ಮೊದಲು ಬೀಳುವುದು ಪ್ರಾಕ್ಸಿ ಮೇಲೆ. ಫ್ಲ್ಯಾಶ್ ಚಿಪ್‌ನಲ್ಲಿ ಇಡೀ ಮಳೆಗಾಲದ ಅಳತೆ ಇದ್ದರೆ ಕೇಳಿದ ಒಂದನ್ನಷ್ಟೇ ಓದಿಕೊಡಬಹುದು. ಖಾಲಿ ಅರೇಯನ್ನು ಟಾರ್ಗೆಟ್ (ಪ್ರಾಕ್ಸಿಯ ಹಿಂದಿರುವ ಆಬ್ಜೆಕ್ಟ್) ಮಾಡಿ, ಗೆಟ್ ಟ್ರ್ಯಾಪ್ (ಓದುವಾಗ ಓಡುವ ನಿಮ್ಮ ಫಂಕ್ಷನ್) ಬರೆದು, ಅಂಕಿ ಬಂದರೆ ಸಿ ಫಂಕ್ಷನ್‌ಗೆ ದಾಟಿಸಿ, 'ಲೆಂಗ್ತ್' ಬಂದರೆ ಎಣಿಕೆ ಕೊಟ್ಟು, ಬೇರೆ ಹೆಸರು ಬಂದರೆ ಟಾರ್ಗೆಟ್‌ನಿಂದ ಹುಡುಕಿ. ಟಾರ್ಗೆಟ್‌ನ ಪ್ರೊಟೊಟೈಪ್ ನಿಮ್ಮದಾಗಿದ್ದರೆ ಒಟ್ಟು, ಬಿಡುವು ಅಲ್ಲಿಂದಲೇ ಸಿಗುತ್ತವೆ. ಟಾರ್ಗೆಟ್ ಅರೇ ಆಗಿರುವುದರಿಂದ ಭಾಷೆಯ ನಿಯಮದಂತೆ ಐಸ್‌ಅರೇ ಕೂಡ ನಿಜ ಅನ್ನುತ್ತದೆ, ಜೇಸನ್ ಚೌಕ ಆವರಣದಲ್ಲೇ ಬರುತ್ತದೆ.

ಇಷ್ಟು ಮಾಡಿ ಫಾರ್ ಲೂಪ್ ಓಡಿಸಿದರೆ ಸರಿಯಾಗಿ ಬರುತ್ತದೆ. ಫಾರ್‌ಈಚ್ ಓಡಿಸಿದರೆ ಏನೂ ಆಗುವುದಿಲ್ಲ. ಎರರ್ ಕೂಡ ಇಲ್ಲ, ಸುಮ್ನೆ ಮುಗಿದುಹೋಗುತ್ತದೆ. ಸೊನ್ನೆಯಿಂದ ಶುರುಮಾಡಿ ರೆಡ್ಯೂಸ್ ಮಾಡಿದರೆ ಮಳೆ ಸೊನ್ನೆ ಅಂತ ಬರುತ್ತದೆ, ಹೊರಗೆ ನೋಡಿದರೆ ಧೋ ಅಂತ ಸುರಿಯುತ್ತಿರುತ್ತದೆ. ಕಾರಣ ಇಷ್ಟೇ. ಫಾರ್‌ಈಚ್, ಮ್ಯಾಪ್, ಫಿಲ್ಟರ್, ರೆಡ್ಯೂಸ್ ಇವೆಲ್ಲ ಪ್ರತಿ ಇಂಡೆಕ್ಸ್‌ಗೂ ಮೊದಲು 'ಇದು ಇದೆಯೇ' ಅಂತ ಕೇಳುತ್ತವೆ, ಇದ್ದರೆ ಮಾತ್ರ ಓದುತ್ತವೆ. ಆ ಪ್ರಶ್ನೆ ಹ್ಯಾಸ್ ಟ್ರ್ಯಾಪ್‌ಗೆ ಹೋಗುತ್ತದೆ. ನೀವು ಅದನ್ನು ಬರೆದಿಲ್ಲದಿದ್ದರೆ ಖಾಲಿ ಟಾರ್ಗೆಟ್ 'ಇಲ್ಲ' ಅನ್ನುತ್ತದೆ. ಜಾಯಿನ್, ಇನ್‌ಕ್ಲೂಡ್ಸ್ ಹಾಗೆ ಕೇಳುವುದಿಲ್ಲ, ಅದಕ್ಕೇ ಅವು ಓಡುತ್ತವೆ. ಅರ್ಧ ಓಡಿ ಅರ್ಧ ಓಡದಿರುವ ಕೋಡ್ ಪೂರ್ತಿ ಕೆಟ್ಟ ಕೋಡಿಗಿಂತ ಕಷ್ಟ. ಗೆಟ್ ಬರೆದರೆ ಹ್ಯಾಸ್ ಬರೆಯಲೇಬೇಕು ಅಂತ ಇಟ್ಟುಕೊಳ್ಳಿ. ಸೆಟ್ ಬರೆದರೆ ಕೊನೆಯಲ್ಲಿ ಟ್ರೂ ವಾಪಸ್ ಕೊಡಿ, ಇಲ್ಲದಿದ್ದರೆ ಸ್ಟ್ರಿಕ್ಟ್ ಮೋಡ್‌ನಲ್ಲಿ ಟೈಪ್‌ಎರರ್.

ವೇಗದ ಮಾತು. ನಿಯಮದ ಪ್ರಕಾರ ಇಂಡೆಕ್ಸ್ ಟ್ರ್ಯಾಪ್‌ಗೆ ಬರುವುದು ಅಂಕಿಯಾಗಿ ಅಲ್ಲ, ಸ್ಟ್ರಿಂಗ್ ಆಗಿ. ಅದನ್ನು ಮತ್ತೆ ಅಂಕಿ ಮಾಡಬೇಕು. ವಾರದ ಪಟ್ಟಿಯ ಮೇಲೆ ಒಂದು ರೆಡ್ಯೂಸ್ ಅಂದರೆ 1008 ಹ್ಯಾಸ್, 1008 ಗೆಟ್, ಅದರ ಮೇಲೆ ನಿಮ್ಮ ಫಂಕ್ಷನ್ 1008 ಸಲ. ಬ್ಯಾಟರಿ ಮೇಲೆ ನಡೆಯುವ ಪೆಟ್ಟಿಗೆಗೆ ಇದು ಭಾರ, ಎಚ್ಚರವಿದ್ದಷ್ಟು ಹೊತ್ತೂ ಅದು ಬ್ಯಾಟರಿ ತಿನ್ನುತ್ತದೆ. ಮಳೆಗಾಲದಲ್ಲಿ ಸೋಲಾರ್ ನಂಬಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗೊಮ್ಮೆ ಈಗೊಮ್ಮೆ ನಾಲ್ಕು ಮೌಲ್ಯ ಇಣುಕಿ ನೋಡುವುದಾದರೆ ಪ್ರಾಕ್ಸಿ ಸರಿ. ಪಟ್ಟಿಯಿಡೀ ಪದೇ ಪದೇ ಸುತ್ತುವುದಾದರೆ ಬೇಡ. 'ಒಟ್ಟು' ಮೆಥಡನ್ನಾದರೂ ಸಿ ಭಾಷೆಯಲ್ಲೇ ಬರೆದು ಪ್ರೊಟೊಟೈಪ್ ಮೇಲೆ ಕೂರಿಸಿ.

ಟೈಪ್ಡ್ ಅರೇ

ನಿಮ್ಮ ಡೇಟಾ ಬರೇ ಅಂಕಿಗಳೇ? ಉದ್ದ ನಿಗದಿಯಾಗಿದೆಯೇ? ಸಿ ಬಫರ್ ಓಡಾಡದೆ ಒಂದೇ ಕಡೆ ಇರುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಉಳಿದದ್ದನ್ನೆಲ್ಲ ಬಿಟ್ಟು ಇದನ್ನು ನೋಡಿ: ಒಂದೇ ಬಗೆಯ ಅಂಕಿಗಳನ್ನು ಬೈಟ್‌ಗಳಲ್ಲೇ ಇಡುವ, ಉದ್ದ ಬದಲಾಗದ ಅರೇ. ಸಿ ಕಡೆಯ ಮೆಮೊರಿಯನ್ನು ನಕಲು ಮಾಡದೆ ಹಾಗೇ ಟೈಪ್ಡ್ ಅರೇಯಾಗಿ ತೋರಿಸುವ ಸೌಲಭ್ಯ ಡಕ್‌ಟೇಪ್, ಕ್ವಿಕ್‌ಜೆಎಸ್, ಜೆರ್ರಿಸ್ಕ್ರಿಪ್ಟ್ ಮೂರರಲ್ಲೂ ಇದೆ. ಹತ್ತು ನಿಮಿಷದಲ್ಲಿ 255 ಮಗುಚು ಅಂದರೆ 51 ಮಿಲಿಮೀಟರ್. ನಮ್ಮ ಘಟ್ಟದ ಮಳೆಗೂ ಅಷ್ಟು ಸಾಕು. ಅಂದರೆ ಒಂದು ಅಳತೆಗೆ ಒಂದೇ ಬೈಟ್ ಇಟ್ಟು ವಾರದ ಮಳೆಪಟ್ಟಿಯನ್ನು 1008 ಬೈಟ್‌ನಲ್ಲಿ ಮುಗಿಸಬಹುದು. 8064 ಎಲ್ಲಿ, ಇದೆಲ್ಲಿ!

ಇದಕ್ಕೂ ಪ್ರೊಟೊಟೈಪ್ ಬದಲಿಸಬಹುದು. ಇಂಡೆಕ್ಸ್‌ನ ಗುಣ ಇಲ್ಲೂ ಆಬ್ಜೆಕ್ಟ್‌ನೊಳಗೇ ಇರುತ್ತದೆ. ನಿಮ್ಮ ಪ್ರೊಟೊಟೈಪ್‌ನ ಮೇಲೆ ಆಯಾ ಟೈಪ್ಡ್ ಅರೇಯ ಪ್ರೊಟೊಟೈಪ್ ಇಡಿ, ಅರೇಯದ್ದಲ್ಲ. ಪುಶ್ ಇಲ್ಲ. ಐಸ್‌ಅರೇ ಸುಳ್ಳು ಅನ್ನುತ್ತದೆ. ಜೇಸನ್‌ನಲ್ಲಿ ಸುರುಳಿ ಆವರಣ ಬರುತ್ತದೆ, ಇದಕ್ಕೂ ಅದೇ ಟುಜೇಸನ್ ಮದ್ದು, ಆದರೆ ಟೈಪ್ಡ್ ಅರೇಯ ಸ್ವಂತ ಸ್ಲೈಸ್ ಮತ್ತೆ ಟೈಪ್ಡ್ ಅರೇಯನ್ನೇ ಕೊಡುತ್ತದೆ, ಅರೇ ಪ್ರೊಟೊಟೈಪ್‌ನ ಸ್ಲೈಸನ್ನು ಎರವಲು ತನ್ನಿ. ಒಂದು ಕಡೆ ಮಾತ್ರ ಗಮನ ಬೇಕು. ಸ್ಕ್ರಿಪ್ಟ್ ಈ ಆಬ್ಜೆಕ್ಟನ್ನು ಹಿಡಿದುಕೊಂಡಿರುವಾಗಲೇ ಸಿ ಕಡೆ ಬಫರ್ ಬಿಡುಗಡೆ ಮಾಡಿದರೆ ಬೋರ್ಡ್ ಎಲ್ಲಿ ಬೇಕಾದರೂ ಬೀಳಬಹುದು. ಬೋರ್ಡ್ ಶುರುವಾದಾಗ ಒಮ್ಮೆ ಮೀಸಲಿಟ್ಟು ಕೊನೆತನಕ ಬಿಡದಿರುವ ಬಫರ್ ಆದರೆ ಈ ತಲೆನೋವಿಲ್ಲ.

ಕುಮಟಾದ ಉಪ್ಪಿನ ಅಳತೆಗೂ ಇದೇ ಸರಿ, ದಶಮಾಂಶ ಬೇಕಾದ್ದರಿಂದ ಒಂದು ಮೌಲ್ಯಕ್ಕೆ 4 ಬೈಟ್‌ನ ಫ್ಲೋಟ್ ಇಟ್ಟರಾಯಿತು.

ಎಂಜಿನ್‌ನದೇ ಕೊಕ್ಕೆಗಳು

ಕ್ವಿಕ್‌ಜೆಎಸ್‌ನಲ್ಲಿ ಸಿ ಭಾಷೆಯಿಂದ ಹೊಸ ಕ್ಲಾಸ್ ಮಾಡುವಾಗ ಪ್ರಾಪರ್ಟಿ ಓದುವ, ಬರೆಯುವ, ಇದೆಯೇ ಅಂತ ಕೇಳುವ ಕೆಲಸಗಳಿಗೆ ನಿಮ್ಮದೇ ಫಂಕ್ಷನ್ ಕೊಡಬಹುದು. ಕ್ರೋಮ್ ಬ್ರೌಸರ್‌ನ ಎಂಜಿನ್ ವಿ8ನಲ್ಲಿ ಇಂಡೆಕ್ಸ್‌ಗೆಂದೇ ಪ್ರತ್ಯೇಕ ಹ್ಯಾಂಡ್ಲರ್ ಇದೆ. ಪ್ರಾಕ್ಸಿ ಮಾಡುವ ಕೆಲಸವೇ, ಆದರೆ ನಡುವೆ ಸ್ಕ್ರಿಪ್ಟ್ ಫಂಕ್ಷನ್ ಇಲ್ಲ, ಹಾಗಾಗಿ ಚುರುಕು. ಪ್ರೊಟೊಟೈಪ್ ಸರಪಳಿಯಲ್ಲಿ ಅರೇ ಪ್ರೊಟೊಟೈಪ್ ಸೇರಿಸಿದರೆ ಮೆಥಡ್‌ಗಳೂ ಬರುತ್ತವೆ. ಐಸ್‌ಅರೇ ಮಾತ್ರ ಸುಳ್ಳೇ.

ಬೆಲೆ ಬೇರೆ ತರದ್ದು. ಕೋಡ್ ಆ ಎಂಜಿನ್‌ಗೇ ಅಂಟಿಕೊಳ್ಳುತ್ತದೆ. ಕ್ವಿಕ್‌ಜೆಎಸ್‌ನಲ್ಲಿ ಪ್ರತಿ ಮೌಲ್ಯದ ರೆಫರೆನ್ಸ್ ಎಣಿಕೆ (ಅದನ್ನು ಎಷ್ಟು ಕಡೆ ಹಿಡಿದುಕೊಂಡಿದೆ ಅನ್ನುವ ಲೆಕ್ಕ) ನೀವೇ ನೋಡಿಕೊಳ್ಳಬೇಕು, ಒಂದು ಕಡೆ ಬಿಡಲು ಮರೆತರೆ ಮೆಮೊರಿ ಸೋರುತ್ತದೆ. ಕಾರವಾರದವರ ಲಿನಕ್ಸ್ ಪೆಟ್ಟಿಗೆಯಲ್ಲಿ ಹತ್ತಾರು ಕಡೆಯ ಅಳತೆ ಒಟ್ಟಿಗೆ ಸುತ್ತಬೇಕು, ಎಂಜಿನ್ ಬದಲಿಸುವ ಯೋಚನೆ ಇಲ್ಲ, ಸಿ ಚೆನ್ನಾಗಿ ಗೊತ್ತು ಅನ್ನುವುದಾದರೆ ಇದಕ್ಕೆ ಕೈ ಹಾಕಬಹುದು. ಅಲ್ಲಿ ಒಂದೊಂದು ಸ್ಕ್ರಿಪ್ಟ್‌ಗೆ ಒಂದೊಂದು ಕಾಂಟೆಕ್ಸ್ಟ್ (ಪ್ರತ್ಯೇಕ ಜಾವಾಸ್ಕ್ರಿಪ್ಟ್ ಪರಿಸರ) ಮಾಡುವವರು ಗಮನಿಸಿ: ಪ್ರತಿ ಕಾಂಟೆಕ್ಸ್ಟ್‌ಗೂ ಅದರದೇ ಅರೇ ಪ್ರೊಟೊಟೈಪ್ ಇರುತ್ತದೆ. ಒಂದರಲ್ಲಿ ಹುಟ್ಟಿದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಇನ್‌ಸ್ಟನ್ಸ್‌ಆಫ್ ಸುಳ್ಳು ಹೇಳುತ್ತದೆ. ನಿಜವಾದ ಅರೇ ಆದರೆ ಐಸ್‌ಅರೇ ಸರಿಯಾಗಿಯೇ ಹೇಳುತ್ತದೆ.

ಅರೇ ಆಸೆಯೇ ಬೇಡ ಅನ್ನುವವರಿಗೆ

ಈ ಎಲ್ಲಕ್ಕಿಂತ ಸಣ್ಣದು ಇನ್ನೊಂದಿದೆ, ಅದನ್ನು ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಳೆಪಟ್ಟಿ ಸಾದಾ ಆಬ್ಜೆಕ್ಟ್. ಅದಕ್ಕೆ ಒಟ್ಟು, ಬಿಡುವು, ಒಂದು ಮೌಲ್ಯ ಕೊಡುವ ಮೆಥಡ್, ಬೇಕೆಂದಾಗ ಅಸಲಿ ಅರೇ ಮಾಡಿ ಕೊಡುವ ಮೆಥಡ್, ಇಷ್ಟೇ. ಇನ್‌ಹೆರಿಟೆನ್ಸ್ ಇಲ್ಲ, ಟ್ರ್ಯಾಪ್ ಇಲ್ಲ. ತೋಟದ ಪೆಟ್ಟಿಗೆಯಲ್ಲಿ ಸ್ಕ್ರಿಪ್ಟ್ ಬರೆಯುವವರು ನೀವೊಬ್ಬರೇ ಆಗಿದ್ದರೆ ಚೌಕ ಆವರಣಕ್ಕೆ ಇಷ್ಟು ಹೋರಾಡುವ ಅಗತ್ಯ ನಿಜವಾಗಿ ಇದೆಯೇ ಅಂತ ಒಮ್ಮೆ ಯೋಚಿಸಿ. ಬೇರೆಯವರು ಬರೆದ ಲೈಬ್ರರಿಗೆ ಪಟ್ಟಿ ಕೊಡಬೇಕಾಗಿದ್ದರೆ ಮಾತ್ರ ಇದು ಸಾಲದು, ಆ ಲೈಬ್ರರಿ ಐಸ್‌ಅರೇ ಕೇಳಿದ ಕೂಡಲೇ ನಿಮ್ಮನ್ನು ಹೊರಗೆ ಹಾಕುತ್ತದೆ.

ಯಾವುದನ್ನೇ ಹಿಡಿದರೂ ಜೂನ್‌ಗೆ ಮೊದಲು ಬೋರ್ಡ್ ಮೇಲೆಯೇ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ, ಲ್ಯಾಪ್‌ಟಾಪ್ ಮೇಲೆ ಅಲ್ಲ. ಫಾರ್ ಲೂಪ್‌ನ ಮೊತ್ತ, ಫಾರ್‌ಈಚ್‌ನ ಮೊತ್ತ, ಸಿ ಕಡೆಯ ಮೊತ್ತ, ಮೂರೂ ಒಂದೇ ಬರಬೇಕು. ಜೇಸನ್ ಪ್ರಿಂಟ್ ಮಾಡಿ ಆವರಣ ಯಾವುದು ನೋಡಿ. ಸ್ಲೈಸ್ ಮಾಡಿದ್ದರ ಮೇಲೆ ಬಿಡುವು ಕರೆದು ನೋಡಿ. ಆಮೇಲೆ ಇದನ್ನೇ ಲೂಪಿನಲ್ಲಿ ಸಾವಿರ ಸಲ ಸುತ್ತಿಸಿ, ಉಳಿದ ಹೀಪ್ ಎಷ್ಟು ಅಂತ ಮೊದಲು ಮತ್ತು ಕೊನೆಗೆ ಬರೆದುಕೊಳ್ಳಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಪೆಟ್ಟಿಗೆಯನ್ನು ಮರಕ್ಕೆ ಕಟ್ಟುವ ಮೊದಲೇ ಸಿ ಕೋಡ್ ತೆರೆಯಿರಿ.